ಇಡೀ ದೇಹಕ್ಕೆ ರಕ್ತ ಹರಿಸುವ ಹೃದಯಕ್ಕೆ ರಕ್ತ ಕೊಡುವುದು ಯಾರು?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಆರಾಮವಾಗಿ ಕುಳಿತಿರುವ ಆರೋಗ್ಯವಂತ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 70 ಬಾರಿ ಬಡಿಯುತ್ತದೆ. ಒಂದು ಬಡಿತಕ್ಕೆ ಅದು ಹೊರಗೆ ತಳ್ಳುವ ರಕ್ತ ಸುಮಾರು 70 ಮಿಲಿಲೀಟರ್. ಬೆಂಗಳೂರಿನ ಬೈ-ಟು ಕಾಫಿಯಲ್ಲಿ ಒಬ್ಬರ ಪಾಲಿಗೆ ಬರುವಷ್ಟು, ಮುಂಬೈನವರ ಮಾತಿನಲ್ಲಿ ಹೇಳಬೇಕೆಂದರೆ ಒಂದು ಕಟಿಂಗ್ ಚಹಾದಷ್ಟು. ಗುಣಿಸಿ ನೋಡಿ: ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್, ಗಂಟೆಗೆ ಸುಮಾರು 300 ಲೀಟರ್, ದಿನಕ್ಕೆ 7,000 ಲೀಟರ್ ಆಸುಪಾಸು. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟ್‌ಗೆ ಬರುವ 6,000 ಲೀಟರ್‌ನ ನೀರಿನ ಟ್ಯಾಂಕರ್ ನೋಡಿದ್ದೀರಲ್ಲ, ಅದನ್ನು ತುಂಬಿಸಿದ ಮೇಲೂ ಇನ್ನಷ್ಟು ಉಳಿಯುತ್ತದೆ. ಇಷ್ಟೆಲ್ಲ ಮಾಡುವುದು ಮುಷ್ಟಿ ಗಾತ್ರದ, ಸುಮಾರು 300 ಗ್ರಾಂ ತೂಕದ ಒಂದು ಸ್ನಾಯು.

ಈಗ ಒಂದು ಪ್ರಶ್ನೆ. ಇಷ್ಟು ರಕ್ತ ತನ್ನೊಳಗಿಂದಲೇ ಹಾದುಹೋಗುವಾಗ ಹೃದಯಕ್ಕೆ ರಕ್ತದ ಕೊರತೆ ಆಗುವುದಾದರೂ ಹೇಗೆ? ಹಾರ್ಟ್ ಅಟ್ಯಾಕ್ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಸಿಗದೆ ಅದು ಸಾಯುವುದು ಎಂದು ಎಲ್ಲರೂ ಕೇಳಿರುತ್ತೇವೆ. ಆದರೆ ಹೃದಯದ ಕೋಣೆಗಳು ಸದಾ ರಕ್ತದಿಂದ ತುಂಬಿರುತ್ತವಲ್ಲ, ಅಲ್ಲಿಂದಲೇ ಹೀರಿಕೊಳ್ಳಬಾರದೇ?

ಸಾಧ್ಯವಿಲ್ಲ. ರಕ್ತದಲ್ಲಿರುವ ಆಮ್ಲಜನಕ ಒಂದು ಜೀವಕೋಶ ತಲುಪಬೇಕಾದರೆ ಕೂದಲಿಗಿಂತ ತೆಳುವಾದ ರಕ್ತನಾಳವೊಂದು ಅದರ ಪಕ್ಕದಲ್ಲೇ ಹಾದುಹೋಗಬೇಕು. ಹೃದಯದ ಎಡಭಾಗದ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಕೋಣೆಯೊಳಗಿನ ರಕ್ತದಿಂದ ಒಳಮೈಯ ತೀರಾ ತೆಳುವಾದ ಪದರಕ್ಕಷ್ಟೇ ಆಮ್ಲಜನಕ ಇಳಿಯುತ್ತದೆ. ಉಳಿದ ಗೋಡೆಗೆ ಬೇರೆಯೇ ಸಂಪರ್ಕ ಬೇಕು. ಕಾವೇರಿ ನೀರಿನ ದೊಡ್ಡ ಪೈಪ್ ಮನೆಯ ಮುಂದೆಯೇ ಹಾದುಹೋದರೂ ಕನೆಕ್ಷನ್ ಇಲ್ಲದ ಮನೆಯ ನಲ್ಲಿಯಲ್ಲಿ ಹನಿ ನೀರೂ ಬರುವುದಿಲ್ಲ, ಹಾಗೆ. ಆ ಕನೆಕ್ಷನ್ ಯಾವುದು, ಅದು ಹೇಗೆ ಕಟ್ಟುತ್ತದೆ, ಕಟ್ಟಿದಾಗ ನಮ್ಮ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದೇ ಇಲ್ಲಿಯ ವಿಷಯ. ಅದಕ್ಕೆ ಮೊದಲು ಪಂಪ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಇರುವುದು ಒಂದಲ್ಲ, ಎರಡು ಪಂಪ್

ಹೃದಯದಲ್ಲಿ ನಾಲ್ಕು ಕೋಣೆಗಳು. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಶಾಲೆಯಲ್ಲಿ ಚಿತ್ರ ಬರೆದು ಬಣ್ಣ ತುಂಬಿದ ನೆನಪು ಎಲ್ಲರಿಗೂ ಇರುತ್ತದೆ: ಬಲಕ್ಕೆ ನೀಲಿ, ಎಡಕ್ಕೆ ಕೆಂಪು. ನಿಜದಲ್ಲಿ ನೀಲಿ ರಕ್ತ ಎಂಬುದು ಇಲ್ಲ. ಆಮ್ಲಜನಕ ಕಡಿಮೆಯಾದ ರಕ್ತ ಕಡುಗೆಂಪು, ಆಮ್ಲಜನಕ ತುಂಬಿದ ರಕ್ತ ಹೊಳೆಯುವ ಕೆಂಪು, ಅಷ್ಟೇ ವ್ಯತ್ಯಾಸ.

ದೇಹವೆಲ್ಲ ಸುತ್ತಿ ಬಂದ ರಕ್ತ ಬಲ ಹೃತ್ಕರ್ಣಕ್ಕೆ ಬಂದು, ಅಲ್ಲಿಂದ ಬಲ ಹೃತ್ಕುಕ್ಷಿಗೆ ಇಳಿದು ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ಟು ಆಮ್ಲಜನಕ ತುಂಬಿಕೊಂಡು ಎಡ ಹೃತ್ಕರ್ಣಕ್ಕೆ ಮರಳುತ್ತದೆ. ಎಡ ಹೃತ್ಕುಕ್ಷಿ ಅದನ್ನು ಮಹಾಪಧಮನಿಯ ಮೂಲಕ ಇಡೀ ದೇಹಕ್ಕೆ ತಳ್ಳುತ್ತದೆ. ಶ್ವಾಸಕೋಶ ಪಕ್ಕದ ಮನೆಯಿದ್ದಂತೆ. ಅಲ್ಲಿಗೆ ತಳ್ಳಲು ಹೆಚ್ಚು ಬಲ ಬೇಡ. ಎಡಭಾಗಕ್ಕೆ ಹಾಗಲ್ಲ, ನೆತ್ತಿಯಿಂದ ಕಾಲಿನ ಹೆಬ್ಬೆರಳವರೆಗೆ ತಲುಪಿಸಬೇಕು. ಅದಕ್ಕೇ ಎಡ ಹೃತ್ಕುಕ್ಷಿಯ ಗೋಡೆ ಬಲಭಾಗಕ್ಕಿಂತ ಮೂರು ಪಟ್ಟಿನಷ್ಟು ದಪ್ಪ. ತೋಳಿಗೆ ಪಟ್ಟಿ ಕಟ್ಟಿ ನೋಡುವ 120/80 ಬಿಪಿ ಈ ಎಡಭಾಗದ ಕೆಲಸದ ಅಳತೆ. ಮೇಲಿನ ಸಂಖ್ಯೆ ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಹೃದಯ ಸಡಿಲಗೊಂಡಾಗ ನಾಳದಲ್ಲಿ ಉಳಿಯುವ ಒತ್ತಡ. ಈ ಕೆಳಗಿನ ಸಂಖ್ಯೆಯ ಕಡೆ ನಾವು ಗಮನ ಕೊಡುವುದು ಕಡಿಮೆ. ಆದರೆ ಹೃದಯದ ಸ್ವಂತ ಊಟ ನಡೆಯುವುದು ಅದರ ಬಲದಿಂದಲೇ. ಅದನ್ನು ಮುಂದೆ ನೋಡೋಣ.

ಕೋಣೆಗಳ ನಡುವೆಯೂ ಹೊರದಾರಿಯಲ್ಲೂ ಒಟ್ಟು ನಾಲ್ಕು ಕವಾಟಗಳಿವೆ. ರಕ್ತ ಮುಂದಕ್ಕಷ್ಟೇ ಹೋಗಬೇಕು, ಹಿಂದಕ್ಕೆ ಬರಬಾರದು ಎಂಬುದು ಇವುಗಳ ಕೆಲಸ. ಸ್ಟೆತಾಸ್ಕೋಪ್‌ನಲ್ಲಿ ಕೇಳುವ ಲಬ್-ಡಬ್ ಶಬ್ದ ಈ ಕವಾಟಗಳು ಮುಚ್ಚಿಕೊಳ್ಳುವ ಸದ್ದು. ಹೃತ್ಕರ್ಣ ಮತ್ತು ಹೃತ್ಕುಕ್ಷಿಯ ನಡುವಿನ ಬಾಗಿಲುಗಳು ಮುಚ್ಚಿದಾಗ ಮೊದಲ ಸದ್ದು, ಹೊರಬಾಗಿಲುಗಳು ಮುಚ್ಚಿದಾಗ ಎರಡನೆಯದು.

ರಕ್ತ ಸುತ್ತುತ್ತದೆ ಎಂದು ಗೊತ್ತಾಗಿದ್ದು ಗುಣಾಕಾರದಿಂದ

ಇವತ್ತು ಶಾಲಾ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ಮನುಷ್ಯನಿಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಎರಡನೇ ಶತಮಾನದ ವೈದ್ಯ ಗ್ಯಾಲೆನ್ ಹೇಳಿದ್ದನ್ನೇ ಯುರೋಪ್ ಸುಮಾರು 1,400 ವರ್ಷ ನಂಬಿತ್ತು. ಅವನ ಪ್ರಕಾರ ಯಕೃತ್ತು ಆಹಾರದಿಂದ ರಕ್ತ ತಯಾರಿಸುತ್ತದೆ, ಅದು ಅಂಗಾಂಗಗಳಿಗೆ ಹರಿದು ಅಲ್ಲೇ ಖರ್ಚಾಗಿಬಿಡುತ್ತದೆ. ಹೃದಯದ ಬಲ ಮತ್ತು ಎಡಭಾಗಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೂಲಕ ರಕ್ತ ಜಿನುಗುತ್ತದೆ ಎಂದೂ ಅವನು ಹೇಳಿದ್ದ. 13ನೇ ಶತಮಾನದಲ್ಲೇ ಅರಬ್ ವೈದ್ಯ ಇಬ್ನ್ ಅಲ್-ನಫೀಸ್, ಅಂಥ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಎಡಕ್ಕೆ ಬರುತ್ತದೆ ಎಂದು ಬರೆದಿದ್ದ. ಆದರೆ ಆ ಬರಹ ಬಹುಕಾಲ ಹೊರಜಗತ್ತಿನ ಕಣ್ಣಿಗೆ ಬೀಳಲಿಲ್ಲ.

1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಲ್ಯಾಟಿನ್ ಭಾಷೆಯ ಒಂದು ಪುಟ್ಟ ಪುಸ್ತಕ ಪ್ರಕಟಿಸಿದ. ಅವನ ವಾದದ ಬೆನ್ನೆಲುಬು ನಾವು ಆರಂಭದಲ್ಲಿ ಮಾಡಿದಂಥದ್ದೇ ಒಂದು ಗುಣಾಕಾರ. ಬೇಕೆಂದೇ ಕಡಿಮೆ ಅಂಕಿ ಹಿಡಿದು, ಒಂದು ಬಡಿತಕ್ಕೆ ಅರ್ಧ ಔನ್ಸ್ ರಕ್ತ ಹೊರಬರುತ್ತದೆ ಎಂದುಕೊಂಡ. ಅರ್ಧ ಗಂಟೆಗೆ ಸಾವಿರ ಬಡಿತ. ಅಂದರೆ 500 ಔನ್ಸ್, ಇವತ್ತಿನ ಲೆಕ್ಕದಲ್ಲಿ 14-15 ಕೆ.ಜಿ. ಇಷ್ಟು ರಕ್ತವನ್ನು ಪ್ರತಿ ಅರ್ಧ ಗಂಟೆಗೊಮ್ಮೆ ಯಾವ ಯಕೃತ್ತು ತಯಾರಿಸೀತು? ಅದಕ್ಕೆ ಬೇಕಾದ ಊಟವನ್ನು ಯಾರು ಮಾಡಿಯಾರು? ದೇಹದಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ಹಾಗಾಗಿ ಅದೇ ರಕ್ತ ಮತ್ತೆ ಮತ್ತೆ ಸುತ್ತಿ ಬರಲೇಬೇಕು ಎಂಬುದು ಅವನ ತೀರ್ಮಾನ.

ಅವನ ವಾದದಲ್ಲಿ ಒಂದು ಕೊಂಡಿ ಮಾತ್ರ ಕಾಣೆಯಾಗಿತ್ತು. ಅಪಧಮನಿಯಿಂದ ಹೊರಟ ರಕ್ತ ಅಭಿಧಮನಿಗೆ ಹೇಗೆ ದಾಟುತ್ತದೆ? ಸೂಕ್ಷ್ಮದರ್ಶಕ ಬಳಸದ ಹಾರ್ವೆಗೆ ಅದು ಕಾಣಲಿಲ್ಲ. 1657ರಲ್ಲಿ ಅವನು ತೀರಿಕೊಂಡ. ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಆ ಕೊಂಡಿ ಕಂಡಿತು. ಅವೇ ಲೋಮನಾಳಗಳು.

ಲೋಮನಾಳ ಎಷ್ಟು ಕಿರಿದೆಂದರೆ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು, ಕೆಲವೊಮ್ಮೆ ಮೈ ಬಾಗಿಸಿಕೊಂಡು ಸಾಗಬೇಕಾಗುತ್ತದೆ. ಇಲ್ಲಿ ರಕ್ತದ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಆ ನಿಧಾನವೇ ಅನುಕೂಲ. ಆಮ್ಲಜನಕ ಕೊಟ್ಟು ತ್ಯಾಜ್ಯ ತೆಗೆದುಕೊಳ್ಳಲು ಪುರಸೊತ್ತು ಸಿಗುತ್ತದೆ. ಮರಳುವ ದಾರಿಯಲ್ಲಿ ಒತ್ತಡ ಬಹುತೇಕ ಕರಗಿಹೋಗಿರುತ್ತದೆ. ಕಾಲಿನಿಂದ ಮೇಲಕ್ಕೆ ರಕ್ತ ಏರಿಸುವ ಕೆಲಸದಲ್ಲಿ ಮೀನಖಂಡದ ಸ್ನಾಯುಗಳು ಕೈಜೋಡಿಸುತ್ತವೆ. ನಡೆಯುವಾಗ ಅವು ಅಭಿಧಮನಿಯನ್ನು ಹಿಂಡುತ್ತವೆ, ಒಳಗಿನ ಸಣ್ಣ ಕವಾಟಗಳು ರಕ್ತ ಕೆಳಕ್ಕೆ ಜಾರದಂತೆ ತಡೆಯುತ್ತವೆ. ಮುಂಬೈ-ಬೆಂಗಳೂರು ಬಸ್ಸಿನಲ್ಲಿ ರಾತ್ರಿಯಿಡೀ ಕಾಲು ಇಳಿಬಿಟ್ಟು ಕುಳಿತವರ ಪಾದ ಊದುವುದು ಈ ಹಿಂಡುವಿಕೆ ನಿಂತುಹೋಗುವುದರಿಂದ.

ಹೃದಯಕ್ಕೆ ತನ್ನದೇ ಕರೆಂಟ್

ಹೃದಯ ಬಡಿಯಲು ಮೆದುಳಿನ ಅಪ್ಪಣೆ ಬೇಕಿಲ್ಲ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಜೀವಕೋಶಗಳ ಒಂದು ಸಣ್ಣ ಗುಂಪು ತಾನಾಗಿಯೇ ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಕಸಿಗಾಗಿ ದೇಹದಿಂದ ಹೊರತೆಗೆದ ಹೃದಯ, ನರಗಳ ಸಂಪರ್ಕವೆಲ್ಲ ಕಡಿದುಹೋದ ಮೇಲೂ, ಇನ್ನೊಬ್ಬರ ಎದೆಯಲ್ಲಿ ಬಡಿಯುವುದು ಇದರಿಂದಲೇ. ಸಂಕೇತ ಮೊದಲು ಮೇಲಿನ ಕೋಣೆಗಳಿಗೆ ಹರಡುತ್ತದೆ. ನಡುವಿನ ಜಂಕ್ಷನ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕೆಳಗಿನ ಕೋಣೆಗಳು ಪೂರ್ತಿ ತುಂಬಿಕೊಳ್ಳುತ್ತವೆ. ನಂತರ ಅವು ಒಟ್ಟಿಗೆ ಹಿಂಡುತ್ತವೆ. ಇಸಿಜಿ ಕಾಗದದ ಮೇಲೆ ಏರಿಳಿಯುವ ಗೆರೆ ಈ ಸಂಕೇತದ ಪ್ರಯಾಣದ ದಾಖಲೆ. ಮೆದುಳು ಮತ್ತು ಹಾರ್ಮೋನುಗಳು ವೇಗವನ್ನು ಹೆಚ್ಚು ಕಡಿಮೆ ಮಾಡುತ್ತವೆಯೇ ಹೊರತು ಬಡಿತವನ್ನು ಹುಟ್ಟಿಸುವುದಿಲ್ಲ.

ಎಲ್ಲರಿಗೂ ಬಡಿಸಿ, ಬಿಡುವಿನಲ್ಲಿ ತಾನು ಉಣ್ಣುತ್ತದೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮಹಾಪಧಮನಿ ಹೃದಯದಿಂದ ಹೊರಬರುವ ಜಾಗದಲ್ಲೇ, ಕವಾಟದ ಸ್ವಲ್ಪ ಮೇಲೆ, ಎರಡು ಸಣ್ಣ ಕವಲುಗಳು ಒಡೆಯುತ್ತವೆ. ಇವೇ ಕರೋನರಿ ಅಪಧಮನಿಗಳು. ಕಿರೀಟದಂತೆ ಹೃದಯವನ್ನು ಸುತ್ತುವರಿಯುವುದರಿಂದ ಆ ಹೆಸರು. ಎಡಗಡೆಯದು ಬೇಗನೆ ಎರಡಾಗುತ್ತದೆ: ಒಂದು ಮುಂಭಾಗದಲ್ಲಿ ಕೆಳಗಿಳಿಯುತ್ತದೆ, ಇನ್ನೊಂದು ಬಳಸಿ ಹಿಂದಕ್ಕೆ ಹೋಗುತ್ತದೆ. ಬಲಗಡೆಯದು ಬಲಭಾಗಕ್ಕೂ, ಹೆಚ್ಚಿನವರಲ್ಲಿ ಹೃದಯದ ಕೆಳಗೋಡೆಗೂ ರಕ್ತ ಕೊಡುತ್ತದೆ. ವೈದ್ಯರು 'ಮೂರು ಬ್ಲಾಕ್ ಇದೆ' ಎಂದಾಗ ಮಾತಾಡುತ್ತಿರುವುದು ಇವುಗಳ ಬಗ್ಗೆ. ಇವುಗಳ ಒಳಅಳತೆ ಮೂರು ನಾಲ್ಕು ಮಿಲಿಮೀಟರ್. ಎಳನೀರು ಕುಡಿಯುವ ಸ್ಟ್ರಾಗಿಂತಲೂ ಸಪೂರ. ಮುಂಭಾಗದಲ್ಲಿ ಇಳಿಯುವ ನಾಳವೇ ಎಡ ಹೃತ್ಕುಕ್ಷಿಯ ದೊಡ್ಡ ಪಾಲನ್ನು ಸಾಕುತ್ತದೆ. ಅದು ಬುಡದಲ್ಲೇ ಕಟ್ಟಿಕೊಂಡರೆ ಹಾನಿ ದೊಡ್ಡದು.

ಇಲ್ಲಿಯ ವಿಚಿತ್ರ ಏನು ಗೊತ್ತೇ? ದೇಹದ ಉಳಿದ ಅಂಗಗಳಿಗೆ ರಕ್ತ ನುಗ್ಗುವುದು ಹೃದಯ ಹಿಂಡಿದಾಗ. ಆದರೆ ಎಡ ಹೃತ್ಕುಕ್ಷಿ ಹಿಂಡುವಾಗ ಅದರ ಗೋಡೆಯೊಳಗೆ ಹಾದುಹೋಗುವ ಸ್ವಂತ ರಕ್ತನಾಳಗಳೂ ಹಿಂಡಿ ಅಮುಕಿಹೋಗುತ್ತವೆ. ರಕ್ತ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಹಾಗಾಗಿ ಎಡ ಹೃತ್ಕುಕ್ಷಿ ತನ್ನ ಪಾಲಿನ ರಕ್ತದ ಬಹುಭಾಗವನ್ನು ಪಡೆಯುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸುವವರು ಎಲ್ಲರೂ ಎದ್ದ ಮೇಲೆ ಕೊನೆಯಲ್ಲಿ ಎಲೆ ಹಾಕಿಕೊಳ್ಳುತ್ತಾರಲ್ಲ, ಹಾಗೆ. ಆ ಬಿಡುವಿನಲ್ಲಿ ರಕ್ತವನ್ನು ಒಳಗೆ ತಳ್ಳುವುದು ಮಹಾಪಧಮನಿಯ ಹಿಗ್ಗಿದ ಗೋಡೆ ಮತ್ತೆ ಕುಗ್ಗುವಾಗಿನ ಒತ್ತಡ. ಬಿಪಿಯ ಕೆಳಗಿನ ಸಂಖ್ಯೆ ಎಂದೆವಲ್ಲ, ಅದು ಇದೇ.

ನಿಮಿಷಕ್ಕೆ 70 ಬಡಿತವಿದ್ದಾಗ ಒಂದು ಸುತ್ತಿಗೆ ಸುಮಾರು 0.85 ಸೆಕೆಂಡ್. ಅದರಲ್ಲಿ ಹಿಂಡುವುದಕ್ಕೆ ಮೂರನೇ ಒಂದು ಭಾಗ, ಬಿಡುವಿಗೆ ಮೂರನೇ ಎರಡು ಭಾಗ. ವೇಗ ಹೆಚ್ಚಿದಂತೆ ಹಿಂಡುವ ಸಮಯ ಅಷ್ಟಾಗಿ ಕಡಿಮೆಯಾಗುವುದಿಲ್ಲ, ಬಿಡುವಿನ ಸಮಯವೇ ಕತ್ತರಿಸಿಹೋಗುತ್ತದೆ. ಕೆಲಸ ಹೆಚ್ಚಾದಾಗಲೇ ಊಟದ ಹೊತ್ತು ಕಡಿಮೆ!

ಇನ್ನೂ ಒಂದು ತೊಡಕಿದೆ. ವಿಶ್ರಾಂತಿಯಲ್ಲಿರುವ ದೇಹ ತನ್ನ ಬಳಿ ಬಂದ ರಕ್ತದಿಂದ ಸರಾಸರಿ ನಾಲ್ಕನೇ ಒಂದು ಭಾಗದಷ್ಟು ಆಮ್ಲಜನಕವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಓಡುವಾಗ ಕಾಲಿನ ಸ್ನಾಯು ಅದೇ ರಕ್ತದಿಂದ ಇನ್ನೂ ಹೆಚ್ಚು ಹೀರಿಕೊಳ್ಳಬಹುದು. ಉಳಿತಾಯ ಇದೆ. ಹೃದಯದ ಸ್ನಾಯು ಮಾತ್ರ ಸುಮ್ಮನೆ ಕುಳಿತಾಗಲೂ ಶೇ. 70ರಷ್ಟು ಆಮ್ಲಜನಕವನ್ನು ತೆಗೆದುಕೊಂಡುಬಿಟ್ಟಿರುತ್ತದೆ. ಬಂದ ಸಂಬಳವೆಲ್ಲ ಖರ್ಚಾಗಿ ಕೈಯಲ್ಲಿ ಏನೂ ಉಳಿಯದ ಮನೆಯಂತೆ. ಹೆಚ್ಚಿನ ಖರ್ಚು ಬಂದರೆ ದಾರಿ ಒಂದೇ: ರಕ್ತದ ಹರಿವನ್ನೇ ಹೆಚ್ಚಿಸುವುದು. ಆರೋಗ್ಯವಂತ ಕರೋನರಿ ನಾಳಗಳು ಹಿಗ್ಗಿ ಹರಿವನ್ನು ನಾಲ್ಕೈದು ಪಟ್ಟು ಹೆಚ್ಚಿಸಬಲ್ಲವು. ಕಿರಿದಾದ ನಾಳಕ್ಕೆ ಅದು ಆಗುವುದಿಲ್ಲ. ಮನೆಯಲ್ಲಿ ಕುಳಿತಾಗ ಏನೂ ಇಲ್ಲದವರಿಗೆ ದಾದರ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗಿ, ನಿಂತರೆ ಐದು ನಿಮಿಷದಲ್ಲಿ ಸರಿಹೋಗುವುದು ಇದರಿಂದ. ಇದನ್ನು ಆಂಜೈನಾ ಎನ್ನುತ್ತಾರೆ. 'ವಯಸ್ಸಾಯ್ತು, ಮೆಟ್ಟಿಲು ಹತ್ತೋಕ್ಕಾಗಲ್ಲ' ಎಂದು ತಳ್ಳಿಹಾಕುವ ಲಕ್ಷಣವಲ್ಲ ಇದು.

ಬ್ಲಾಕ್ ಎಂದರೆ ಪೈಪಿನೊಳಗಿನ ಪಾಚಿಯಲ್ಲ

ಕೊಬ್ಬು ಪೈಪಿನ ಒಳಮೈಗೆ ಅಂಟಿಕೊಳ್ಳುತ್ತಾ ಹೋಗಿ ಒಂದು ದಿನ ಪೂರ್ತಿ ಮುಚ್ಚಿಬಿಡುತ್ತದೆ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ನಿಜ ಸ್ವಲ್ಪ ಬೇರೆ. ಧೂಮಪಾನ, ಮಧುಮೇಹ, ಹೆಚ್ಚಿದ ಬಿಪಿ ಇವೆಲ್ಲ ರಕ್ತನಾಳದ ನವಿರಾದ ಒಳಪದರಕ್ಕೆ ಪೆಟ್ಟು ಕೊಡುತ್ತವೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಆ ಪದರದ ಕೆಳಗೆ, ಗೋಡೆಯೊಳಗೆ ನುಸುಳುತ್ತದೆ. ಅದನ್ನು ತಿನ್ನಲು ಬಂದ ಬಿಳಿ ರಕ್ತಕಣಗಳು ಅಲ್ಲೇ ಸಿಕ್ಕಿಹಾಕಿಕೊಂಡು ಉರಿಯೂತವಾಗುತ್ತದೆ. ವರ್ಷಗಳು ಕಳೆದಂತೆ ಅಲ್ಲೊಂದು ಗಡ್ಡೆ, ಅದರ ಮೇಲೊಂದು ತೆಳು ಮುಚ್ಚಳ. ಇದು ಕುರುವಿನಂತೆ ಎಂದುಕೊಳ್ಳಿ.

ಬಹಳಷ್ಟು ಹಾರ್ಟ್ ಅಟ್ಯಾಕ್ ಆಗುವುದು ಈ ಮುಚ್ಚಳ ಹರಿದಾಗ. ಹರಿದ ಜಾಗವನ್ನು ಗಾಯವೆಂದು ತಿಳಿದ ದೇಹ ಅಲ್ಲಿ ರಕ್ತ ಹೆಪ್ಪುಗಟ್ಟಿಸುತ್ತದೆ. ಬೆರಳು ಕೊಯ್ದಾಗ ಜೀವ ಉಳಿಸುವ ಕ್ರಿಯೆಯೇ ಇಲ್ಲಿ ಮೂರು ಮಿಲಿಮೀಟರ್ ನಾಳವನ್ನು ನಿಮಿಷಗಳಲ್ಲಿ ಮುಚ್ಚಿಬಿಡುತ್ತದೆ. ಹರಿಯುವ ಗಡ್ಡೆ ದೊಡ್ಡದೇ ಆಗಿರಬೇಕೆಂದಿಲ್ಲ. ನಾಳವನ್ನು ಅರ್ಧದಷ್ಟೂ ಮುಚ್ಚದ ಗಡ್ಡೆಯೂ ಹರಿಯಬಹುದು. 'ಹೋದ ತಿಂಗಳಷ್ಟೇ ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಇತ್ತು, ಆದರೂ ಹೀಗಾಯ್ತು' ಎಂದು ಮನೆಯವರು ಹೇಳುವುದರ ಹಿಂದಿನ ಕಾರಣ ಇದು. ಟ್ರೆಡ್‌ಮಿಲ್ ಪರೀಕ್ಷೆ ಹರಿವಿಗೆ ಅಡ್ಡಿಯಾಗುವಷ್ಟು ಕಿರಿದಾದ ನಾಳವನ್ನು ಪತ್ತೆ ಹಚ್ಚುತ್ತದೆ. ನಾಳೆ ಯಾವ ಗಡ್ಡೆ ಹರಿಯುತ್ತದೆ ಎಂದು ಹೇಳುವುದಿಲ್ಲ. ಪರೀಕ್ಷೆಗಿಂತ ಸಿಗರೇಟು ಬಿಡುವುದು, ಸಕ್ಕರೆ-ಬಿಪಿ ಹಿಡಿತದಲ್ಲಿಡುವುದು, ವೈದ್ಯರು ಬರೆದುಕೊಟ್ಟ ಕೊಲೆಸ್ಟ್ರಾಲ್ ಮಾತ್ರೆಯನ್ನು ಮಧ್ಯದಲ್ಲಿ ನಿಲ್ಲಿಸದಿರುವುದು ಹೆಚ್ಚು ಉಪಯೋಗ ಎನ್ನುವುದು ಅದಕ್ಕೇ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ, ಹಾರ್ಟ್ ಅಟ್ಯಾಕ್‌ನ ಅಪಾಯದ ಶೇ. 90ರಷ್ಟು ಭಾಗವನ್ನು ಇಂಥ ಒಂಬತ್ತು ಅಂಶಗಳೇ ವಿವರಿಸುತ್ತವೆ ಎಂದಿತು. ದಕ್ಷಿಣ ಏಷ್ಯಾದವರಿಗೆ ಇತರರಿಗಿಂತ ಕಡಿಮೆ ವಯಸ್ಸಿನಲ್ಲೇ ಮೊದಲ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂಬುದೂ ಅದರಲ್ಲಿ ಕಂಡುಬಂತು.

'ಗ್ಯಾಸ್ಟ್ರಿಕ್' ಎಂಬ ಮೋಸದ ಹೆಸರು

ಹೃದಯಕ್ಕೆ ನೋವಾದಾಗ ಹೃದಯವೇ ನೋಯುತ್ತಿದೆ ಎಂದು ಮೆದುಳಿಗೆ ಸ್ಪಷ್ಟವಾಗಿ ತಿಳಿಯುವುದಿಲ್ಲ. ಹೃದಯದಿಂದ ಬರುವ ನೋವಿನ ನರಗಳು ಬೆನ್ನುಹುರಿಯಲ್ಲಿ ಸೇರುವ ಜಾಗಕ್ಕೇ ಎದೆ ಮತ್ತು ಎಡತೋಳಿನ ನರಗಳೂ ಬಂದು ಸೇರುತ್ತವೆ. ಒಂದೇ ಲೈನಿನಲ್ಲಿ ಹಲವು ಮನೆಗಳ ಫೋನ್ ಇದ್ದಂತೆ. ಕರೆ ಯಾರ ಮನೆಯಿಂದ ಬಂತೆಂದು ಮೆದುಳು ತಪ್ಪು ತಿಳಿಯುತ್ತದೆ. ಅದಕ್ಕೇ ನೋವು ಎಡತೋಳು, ಭುಜ, ದವಡೆ, ಬೆನ್ನಿನಲ್ಲಿ ಕಾಣಿಸಿಕೊಳ್ಳಬಹುದು.

ಹೃದಯದ ಕೆಳಗೋಡೆ ಕುಳಿತಿರುವುದು ವಪೆಯ ಮೇಲೆ, ಅದರ ಕೆಳಗೇ ಹೊಟ್ಟೆ. ಆ ಭಾಗದ ಹಾರ್ಟ್ ಅಟ್ಯಾಕ್‌ನಲ್ಲಿ ವಾಕರಿಕೆ, ವಾಂತಿ, ತೇಗು, ಮೇಲ್ಹೊಟ್ಟೆಯ ಉರಿ ಕಾಣಿಸಿಕೊಳ್ಳುವುದು ಸಾಮಾನ್ಯ. ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದು ಕುಸಿಯುವುದು ಎಲ್ಲರಿಗೂ ಆಗುವುದಿಲ್ಲ. ಮಹಿಳೆಯರಲ್ಲಿ, ಮಧುಮೇಹ ಇರುವವರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಉಸಿರುಗಟ್ಟುವಿಕೆ, ತಣ್ಣನೆಯ ಬೆವರು, ಹೇಳಲಾಗದ ಸುಸ್ತು ಇರಬಹುದು. ನಮ್ಮಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಗ್ಯಾಸ್ಟ್ರಿಕ್. ರಾತ್ರಿ ಹನ್ನೊಂದಕ್ಕೆ ಸೋಡಾ, ಜೀರಿಗೆ ಕಷಾಯ, ಒಂದು ಆಂಟಾಸಿಡ್. ಒಂದು ಗಂಟೆಗೆ ಇನ್ನೊಂದು ಮಾತ್ರೆ. 'ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋದರಾಯ್ತು.' ಆ ರಾತ್ರಿಯಲ್ಲಿ ಒಳಗೆ ಏನಾಗುತ್ತಿರುತ್ತದೆ?

ಗಡಿಯಾರ ಶುರುವಾಗುವುದು ಮನೆಯಲ್ಲಿ

ನಾಳ ಪೂರ್ತಿ ಮುಚ್ಚಿದ 20-30 ನಿಮಿಷಗಳಲ್ಲಿ ಹೃದಯದ ಸ್ನಾಯು ಸಾಯಲು ಶುರುವಾಗುತ್ತದೆ. ಮೊದಲು ಗೋಡೆಯ ಒಳಪದರ, ನಂತರ ಗಂಟೆ ಗಂಟೆಗೂ ಹೊರಕ್ಕೆ ಹರಡುತ್ತದೆ. ಸತ್ತ ಸ್ನಾಯು ಚರ್ಮದಂತೆ ಮತ್ತೆ ಬೆಳೆಯುವುದಿಲ್ಲ. ಅಲ್ಲಿ ಕಲೆಯಂಥ ಗಡುಸು ಅಂಗಾಂಶ ತುಂಬಿಕೊಳ್ಳುತ್ತದೆ, ಅದು ಹಿಂಡಲಾರದು. ಬದುಕುಳಿದವರು ಮುಂದೆ ಒಂದು ಮಹಡಿ ಹತ್ತಲೂ ಏದುಸಿರು ಬಿಡುತ್ತಾರೋ ಇಲ್ಲವೋ ಎಂಬುದು ಆ ಮೊದಲ ಗಂಟೆಗಳಲ್ಲಿ ಎಷ್ಟು ಸ್ನಾಯು ಉಳಿಯಿತು ಎಂಬುದರ ಮೇಲೆ ನಿಂತಿದೆ.

ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರು ಮುಂದಾಳತ್ವ ವಹಿಸಿದ್ದ, ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ 20,000ಕ್ಕೂ ಹೆಚ್ಚು ರೋಗಿಗಳನ್ನು ದಾಖಲಿಸಿದ 'ಕ್ರಿಯೇಟ್' ಎಂಬ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ಅಂಕಿಗಳಿವೆ. ಲಕ್ಷಣ ಶುರುವಾದಾಗಿನಿಂದ ಆಸ್ಪತ್ರೆ ತಲುಪುವವರೆಗೆ ಹಿಡಿದ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಆಸ್ಪತ್ರೆ ತಲುಪಿದ ಮೇಲೆ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗಲು ಹಿಡಿದದ್ದು 50 ನಿಮಿಷ. ಅಧ್ಯಯನ ಹಳೆಯದು, ನಂತರ ಪರಿಸ್ಥಿತಿ ಸುಧಾರಿಸಿದೆ ಎಂದೇ ಇಟ್ಟುಕೊಳ್ಳೋಣ. ಆದರೂ ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಹೆಚ್ಚು ಸಮಯ ಕಳೆದುಹೋದದ್ದು ಆಸ್ಪತ್ರೆಯ ಬಾಗಿಲಿನ ಹೊರಗೆ. ಬಡವರಿಗೆ ಚಿಕಿತ್ಸೆ ಕಡಿಮೆ ಸಿಕ್ಕಿತ್ತು, ಅವರಲ್ಲಿ ಸಾವೂ ಹೆಚ್ಚಿತ್ತು ಎಂಬುದು ಅದೇ ಅಧ್ಯಯನದ ಇನ್ನೊಂದು ಕಹಿ ಸಂಗತಿ.

ಚಿಕಿತ್ಸೆ ಎರಡು ಬಗೆ. ಒಂದು, ಮಣಿಕಟ್ಟು ಅಥವಾ ತೊಡೆಯ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ಮುಚ್ಚಿದ ಜಾಗದಲ್ಲಿ ಬಲೂನು ಉಬ್ಬಿಸಿ ಸ್ಟೆಂಟ್ ಇಡುವುದು. ಹೃದಯದೊಳಗೆ ಹೀಗೆ ಕೊಳವೆ ತೂರಿಸಬಹುದು ಎಂದು 1929ರಲ್ಲಿ ತೋರಿಸಿದ ಜರ್ಮನಿಯ ವೆರ್ನರ್ ಫೋರ್ಸ್‌ಮನ್, ಅದನ್ನು ಮಾಡಿದ್ದು ತನ್ನದೇ ತೋಳಿನ ಮೂಲಕ! ಮೆಟ್ಟಿಲಿಳಿದು ಎಕ್ಸ್-ರೇ ಕೋಣೆಗೆ ನಡೆದುಹೋಗಿ ಚಿತ್ರವನ್ನೂ ತೆಗೆಸಿಕೊಂಡ. 1956ರಲ್ಲಿ ನೊಬೆಲ್ ಬಂತು. ಕರೋನರಿ ನಾಳದಲ್ಲಿ ಮೊದಲ ಬಲೂನು ಉಬ್ಬಿಸಿದ್ದು 1977ರ ಸೆಪ್ಟೆಂಬರ್‌ನಲ್ಲಿ, ಜ್ಯೂರಿಕ್‌ನಲ್ಲಿ, ಆಂಡ್ರಿಯಾಸ್ ಗ್ರುಂಟ್ಸಿಗ್.

ಎರಡನೆಯದು ಹೆಪ್ಪು ಕರಗಿಸುವ ಚುಚ್ಚುಮದ್ದು. ಕ್ಯಾಥ್‌ಲ್ಯಾಬ್ ಹತ್ತಿರ ಇಲ್ಲದ ಊರುಗಳಲ್ಲಿ ಇದೇ ಆಸರೆ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ಅಗಲಿದ ನಟನ ಹೆಸರಿನಲ್ಲಿ ಕರ್ನಾಟಕ ಸರ್ಕಾರ ನಡೆಸುತ್ತಿರುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಿರುಳು ಇಷ್ಟೇ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ, ಬೇಕಿದ್ದರೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಊರಲ್ಲಿ ತಂದೆ-ತಾಯಿಯನ್ನು ಬಿಟ್ಟು ಪುಣೆ, ಹೈದರಾಬಾದ್‌ನಲ್ಲಿ ಕೆಲಸ ಮಾಡುವವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇವತ್ತೇ ಕೇಳಿಟ್ಟುಕೊಳ್ಳಬಹುದು. ತಮಿಳುನಾಡಿನಲ್ಲಿ 'ಇದಯಂ ಕಾಪ್ಪೋಂ' ಯೋಜನೆಯಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮೊದಲ ಡೋಸ್ ಮಾತ್ರೆಗಳನ್ನು ಕೊಡುತ್ತಾರೆ.

ಆ ಮಾತ್ರೆಗಳಲ್ಲಿ ಒಂದು ಆಸ್ಪಿರಿನ್. 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ದೊಡ್ಡ ಪ್ರಯೋಗದಲ್ಲಿ ಬರೀ ಆಸ್ಪಿರಿನ್‌ನಿಂದಲೇ ಸಾವು ಶೇ. 23ರಷ್ಟು, ಸ್ಟ್ರೆಪ್ಟೋಕೈನೇಸ್ ಚುಚ್ಚುಮದ್ದೂ ಸೇರಿದರೆ ಶೇ. 42ರಷ್ಟು ಕಡಿಮೆಯಾಗಿತ್ತು. ಹಾಗೆಂದು ಎದೆನೋವೆಂದ ಕೂಡಲೇ ತಾವೇ ನುಂಗುವುದು ಸರಿಯಲ್ಲ. ಅಲರ್ಜಿ, ರಕ್ತಸ್ರಾವದ ತೊಂದರೆ ಇರುವವರಿಗೆ ಅದು ಅಪಾಯ. ಆಂಬುಲೆನ್ಸ್ ಸಿಬ್ಬಂದಿ ಅಥವಾ ವೈದ್ಯರು ಫೋನಿನಲ್ಲಿ ಹೇಳಿದರೆ ಅಗಿದು ನುಂಗಬೇಕು. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಅನ್ನು ಪಕ್ಕದ ಮನೆಯವರಿಂದ ಕೇಳಿ ತಂದು ಇಡುವುದು ಇನ್ನೂ ಅಪಾಯ. ಕೆಲವು ಬಗೆಯ ಹಾರ್ಟ್ ಅಟ್ಯಾಕ್‌ನಲ್ಲಿ ಅದು ಬಿಪಿಯನ್ನು ಪಾತಾಳಕ್ಕೆ ಇಳಿಸುತ್ತದೆ. ಬಿಪಿ ಇಳಿದರೆ ಕರೋನರಿ ನಾಳಕ್ಕೆ ರಕ್ತ ತಳ್ಳುವ ಬಲವೂ ಇಳಿಯಿತು ಎಂದೇ ಅರ್ಥ.

ಹಾರ್ಟ್ ಅಟ್ಯಾಕ್ ಬೇರೆ, ಕಾರ್ಡಿಯಾಕ್ ಅರೆಸ್ಟ್ ಬೇರೆ

ಸುದ್ದಿಗಳಲ್ಲಿ ಇವೆರಡನ್ನೂ 'ಹೃದಯಾಘಾತ' ಎಂದೇ ಬರೆಯುವುದರಿಂದ ಗೊಂದಲ. ಹಾರ್ಟ್ ಅಟ್ಯಾಕ್ ನಾಳದ ತೊಂದರೆ: ವ್ಯಕ್ತಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ, ಮಾತಾಡುತ್ತಾರೆ, ನಾಡಿ ಸಿಗುತ್ತದೆ. ಕಾರ್ಡಿಯಾಕ್ ಅರೆಸ್ಟ್‌ನಲ್ಲಿ ಬಹುತೇಕ ಕರೆಂಟಿನ ತೊಂದರೆ: ಸಂಕೇತಗಳು ಅಡ್ಡಾದಿಡ್ಡಿಯಾಗಿ ಹೃದಯ ಹಿಂಡದೆ ಬರೀ ಕಂಪಿಸುತ್ತದೆ, ವ್ಯಕ್ತಿ ಸೆಕೆಂಡುಗಳಲ್ಲಿ ಕುಸಿಯುತ್ತಾರೆ, ಉಸಿರಾಟ ನಿಲ್ಲುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಹಾರ್ಟ್ ಅಟ್ಯಾಕ್ ಆದವರು ಮನೆಯಲ್ಲಿ ಕಾಯುವುದರ ದೊಡ್ಡ ಅಪಾಯ ಅದೇ.

ಕುಸಿದವರು ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ 108 ಅಥವಾ ದೇಶದೆಲ್ಲೆಡೆ ಸಿಗುವ 112ಕ್ಕೆ ಕರೆ ಮಾಡಿಸಿ, ಎದೆಯ ಮಧ್ಯದಲ್ಲಿ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 5 ಸೆಂ.ಮೀ.ನಷ್ಟು ಆಳಕ್ಕೆ ಒತ್ತುತ್ತಿರಬೇಕು. ನಿಂತುಹೋದ ಪಂಪನ್ನು ಹೊರಗಿನಿಂದ ಹಿಂಡುವ ಕೆಲಸ ಇದು. ಒತ್ತದೆ ಬಿಟ್ಟರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಅಂದಹಾಗೆ, ಒಬ್ಬರೇ ಇದ್ದಾಗ ಜೋರಾಗಿ ಕೆಮ್ಮುತ್ತಿದ್ದರೆ ಬದುಕಬಹುದು ಎಂಬ ವಾಟ್ಸ್ಆ್ಯಪ್ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಅದನ್ನು ನಂಬಿ ಕೆಮ್ಮುತ್ತಾ ಕೂರಬೇಡಿ, ಆ ಉಸಿರನ್ನು ಫೋನ್ ಮಾಡಲು ಬಳಸಿ. ಸ್ವಂತ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋಗುವುದೂ ಬೇಡ.

ಕೌಂಟರಿನಲ್ಲಿ ಏನು ಹೇಳಬೇಕು?

ಪರ ಊರಿನಲ್ಲಿರುವ ಕನ್ನಡಿಗರಿಗೆ ಇದು ಸಣ್ಣ ವಿಷಯವಲ್ಲ. ಅರ್ಧಂಬರ್ಧ ಹಿಂದಿ, ತಮಿಳು, ತೆಲುಗಿನಲ್ಲಿ 'ಗ್ಯಾಸ್ಟ್ರಿಕ್ ಪ್ರಾಬ್ಲಂ' ಎಂದುಬಿಟ್ಟರೆ ಹೊಟ್ಟೆನೋವಿನವರ ಸಾಲಿನಲ್ಲಿ ಕೂರಿಸುವ ಸಾಧ್ಯತೆ ಇದೆ. ರೋಗದ ಹೆಸರು ಹೇಳಬೇಡಿ. ಎದೆ ಭಾರ, ಬೆವರು, ಉಸಿರು ಕಟ್ಟುತ್ತಿದೆ ಎಂದಷ್ಟೇ ಹೇಳಿ ಇಸಿಜಿ ಕೇಳಿ. ಹತ್ತು ನಿಮಿಷದೊಳಗೆ ಆಗಬೇಕಾದ ಪರೀಕ್ಷೆ ಅದು. ಮೊದಲ ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ಎದ್ದು ಬರಬೇಡಿ. ಆರಂಭದಲ್ಲಿ ಅದು ನಾರ್ಮಲ್ ಇರಬಹುದು. ಸ್ನಾಯು ಸತ್ತಾಗ ರಕ್ತಕ್ಕೆ ಸೋರುವ ಟ್ರೊಪೋನಿನ್ ಎಂಬ ಪ್ರೋಟೀನ್ ಏರಲು ಕೆಲವು ಗಂಟೆ ಬೇಕಾಗುವುದರಿಂದ ಎರಡನ್ನೂ ಮತ್ತೊಮ್ಮೆ ಮಾಡಿ ನೋಡುತ್ತಾರೆ. ಜೊತೆಗೆ, ತೊಂದರೆ ಶುರುವಾದದ್ದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟು ಹೇಳಿ. ಮನೆ ಬಿಟ್ಟ ಹೊತ್ತಲ್ಲ, ಮೊದಲ ಸಲ ಸೋಡಾ ಕುಡಿದ ಹೊತ್ತು. ಚುಚ್ಚುಮದ್ದು ಕೊಡಬೇಕೋ, ನೇರ ಕ್ಯಾಥ್‌ಲ್ಯಾಬ್‌ಗೆ ಒಯ್ಯಬೇಕೋ ಎಂದು ವೈದ್ಯರು ತೀರ್ಮಾನಿಸುವುದು ಆ ಹೊತ್ತಿನಿಂದ ಲೆಕ್ಕ ಹಾಕಿ.